ಸುಳ್ಯದ ರಬ್ಬರ್ ತೋಟಕ್ಕೆ ತಮಿಳು ಬಂದದ್ದು

ಪ್ರಶ್ನೆ: ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ತಮಿಳು ಕುಟುಂಬಗಳು ಇಷ್ಟೊಂದು ಇರುವುದೇಕೆ?

ಉತ್ತರ: ಅವರು ಬಂದದ್ದು ತಮಿಳುನಾಡಿನಿಂದಲ್ಲ, ಶ್ರೀಲಂಕಾದಿಂದ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಕಾಫಿ, ಚಹಾ ತೋಟಗಳಿಗೆ ಕೂಲಿಗೆಂದು ಹೋದವರ ಮಕ್ಕಳು, ಮೊಮ್ಮಕ್ಕಳು ಇವರು. ಲಂಕೆಯ 1948ರ ಪೌರತ್ವ ಕಾಯ್ದೆಯಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ಭಾರತದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಒಪ್ಪಂದ ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ, ಉಳಿದ ಒಂದೂವರೆ ಲಕ್ಷದ ಲೆಕ್ಕ ಮುಂದಕ್ಕೆ. ಹುಟ್ಟಿದ ಊರು ಬಿಡುವವರನ್ನು ಹೀಗೆ ಎಣಿಸಿ ಹಂಚಿಕೊಂಡದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ಬಂದವರಿಗೆ ತಿಳಿದಿದ್ದ ಕಸುಬು ತೋಟದ ಕೆಲಸ. ಹಾಗಾಗಿ ನೀಲಗಿರಿಯಲ್ಲಿ ಸರ್ಕಾರಿ ಚಹಾ ತೋಟ, ನಮ್ಮಲ್ಲಿ ಅರಣ್ಯಭೂಮಿಯಲ್ಲಿ ರಬ್ಬರ್ ತೋಟ ಎದ್ದವು. ನಮ್ಮ ತೋಟಗಳು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ತೊಡಕಿರುವುದೂ ಇಲ್ಲಿಯೇ. ಮನೆ ನಿಗಮದ್ದು, ನೆಲ ಅರಣ್ಯದ್ದು. ಟ್ಯಾಪಿಂಗ್ ಮಾಡುತ್ತ ಮುದಿಯಾದವರಿಗೆ ನಿವೃತ್ತಿಯ ಜತೆಗೇ ಸೂರಿನ ಚಿಂತೆಯೂ ಬರುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಅರಣ್ಯಭೂಮಿಯನ್ನು ಬೇರೆ ಬಳಕೆಗೆ ಕೊಡುವಂತಿಲ್ಲ. ಕಾಡು ಉಳಿಯಲೇಬೇಕು, ನಿಜ. ಆದರೆ ಸರ್ಕಾರವೇ ಕರೆತಂದು ನೆಲೆ ಮಾಡಿಸಿದವರಿಗೆ ಕಂದಾಯ ಭೂಮಿಯಲ್ಲಾದರೂ ನಾಲ್ಕು ಸೆಂಟ್ಸ್ ಜಾಗ ಹುಡುಕಿಕೊಡುವುದು ಅದರದೇ ಹೊಣೆ.