ಫೋನಿಗೆ ಅದರ ವಿಎಲ್ಯಾನ್ ಹೇಳಿದ್ದು ಯಾರು?

ಆಫೀಸ್ ಮೇಜಿನ ಮೇಲಿರೋ ಐಪಿ ಫೋನಿನ ಹಿಂಭಾಗ ಒಮ್ಮೆ ನೋಡಿ. ಸಾಮಾನ್ಯವಾಗಿ ಎರಡು ನೆಟ್‌ವರ್ಕ್ ಪೋರ್ಟ್ ಇರುತ್ತವೆ. ಗೋಡೆಯಿಂದ ಬಂದ ಕೇಬಲ್ ಒಂದಕ್ಕೆ, ಪಕ್ಕದ ಕಂಪ್ಯೂಟರ್ ಇನ್ನೊಂದಕ್ಕೆ. ಅಂದ್ರೆ ಸ್ವಿಚ್‌ನ ಒಂದೇ ಪೋರ್ಟಿಗೆ ಎರಡು ಸಾಧನ. ಆದರೂ ಫೋನ್ ವಾಯ್ಸ್ ವಿಎಲ್ಯಾನ್‌ನಲ್ಲಿ, ಕಂಪ್ಯೂಟರ್ ಡೇಟಾ ವಿಎಲ್ಯಾನ್‌ನಲ್ಲಿ. ನೂರಾರು ಫೋನಿಗೆ ಒಂದೊಂದಾಗಿ ಯಾರೂ ನಂಬರ್ ತುಂಬಿರಲ್ಲ. ಮತ್ತೆ ಹೇಗೆ?

ಸ್ವಿಚ್ಚೇ ಹೇಳುತ್ತದೆ. ಸಿಸ್ಕೋದವರು ಇದಕ್ಕೆ ತಮ್ಮದೇ ಸಿಡಿಪಿ ಮಾಡಿಕೊಂಡಿದ್ದರು. ಬೇರೆ ಬೇರೆ ಕಂಪನಿಯ ಸಾಧನಗಳೂ ಮಾತಾಡಿಕೊಳ್ಳಲಿ ಅಂತ 2005ರಲ್ಲಿ ಐಇಇಇ 802.1ಎಬಿ ಸ್ಟ್ಯಾಂಡರ್ಡ್, ಅಂದರೆ ಎಲ್‌ಎಲ್‌ಡಿಪಿ ಬಂತು. ಮರುವರ್ಷ ಫೋನಿನಂಥ ಸಾಧನಗಳಿಗಾಗಿ ಅದರ ವಿಸ್ತರಣೆ, ಎಲ್‌ಎಲ್‌ಡಿಪಿ-ಮೆಡ್.

ಎರಡೂ ಕಡೆಯವರು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತಮ್ಮ ಪರಿಚಯದ ಫ್ರೇಮ್ ಕಳಿಸುತ್ತಾರೆ. ಅದು ಪಕ್ಕದ ಮನೆಯವರಿಗೆ ಮಾತ್ರ. ಸ್ವಿಚ್ ಅದನ್ನು ಮುಂದಕ್ಕೆ ದಾಟಿಸಲ್ಲ. 120 ಸೆಕೆಂಡಾದರೂ ಹೊಸದು ಬರದಿದ್ದರೆ ಹಳೇ ಪರಿಚಯ ಅಳಿಸಿಹೋಗುತ್ತೆ. ಫ್ರೇಮಿನೊಳಗೆ ಇರೋದೆಲ್ಲ ಟಿಎಲ್‌ವಿ: 7 ಬಿಟ್ ಟೈಪ್, 9 ಬಿಟ್ ಉದ್ದ, ಆಮೇಲೆ ಮೌಲ್ಯ.

ಮೆಡ್‌ನಲ್ಲಿ ಸ್ವಿಚ್ ಸ್ವಲ್ಪ ಬಿಗುಮಾನದ್ದು. ಫೋನ್ ಮೊದಲು "ನಾನು ಫೋನು" ಅನ್ನೋವರೆಗೂ ಮೆಡ್ ಮಾಹಿತಿ ಬಿಚ್ಚಲ್ಲ. ಗೊತ್ತಾದ ಮೇಲೆ 30 ಸೆಕೆಂಡ್ ಕಾಯಿಸೋದೂ ಇಲ್ಲ, ಸೆಕೆಂಡಿಗೊಂದರಂತೆ ಕೆಲವು ಫ್ರೇಮ್ ಬೇಗ ಬೇಗ ಕಳಿಸುತ್ತೆ. ಅದರಲ್ಲಿ ನೆಟ್‌ವರ್ಕ್ ಪಾಲಿಸಿ ಇರುತ್ತೆ: ವಾಯ್ಸ್ ವಿಎಲ್ಯಾನ್ ಸಂಖ್ಯೆ, ಆದ್ಯತೆ (ಧ್ವನಿಗೆ ಹೆಚ್ಚಾಗಿ 5), ಡಿಎಸ್‌ಸಿಪಿ (ಹೆಚ್ಚಾಗಿ 46). ಫೋನ್ ಅಲ್ಲಿಂದ ತನ್ನ ಫ್ರೇಮುಗಳಿಗೆ ಆ ಟ್ಯಾಗ್ ಹಾಕಿ, ಆ ವಿಎಲ್ಯಾನ್‌ನಲ್ಲೇ ಐಪಿ ಕೇಳುತ್ತೆ. ಕಂಪ್ಯೂಟರಿನದು ಟ್ಯಾಗ್ ಇಲ್ಲದೆ ಹಾದುಹೋಗುತ್ತೆ. ತನಗೆಷ್ಟು ವಾಟ್ ಕರೆಂಟ್ ಬೇಕು ಅಂತ ಫೋನ್, ನೀನಿರೋ ಜಾಗ ಯಾವುದು ಅಂತ ಸ್ವಿಚ್ ಕೂಡ ಹೇಳಬಹುದು. ತುರ್ತು ಕರೆ ಬಂದಾಗ ಯಾವ ಮಹಡಿಗೆ ಓಡಬೇಕು ಅನ್ನೋದಕ್ಕೆ ಈ ಎರಡನೆಯದು ಬೇಕಾಗುತ್ತೆ.

ಒಂದು ತೊಂದರೆ ಇದೆ. "ನಾನು ಫೋನು" ಅನ್ನೋ ಮಾತಿಗೆ ಎಲ್‌ಎಲ್‌ಡಿಪಿ ಯಾವ ಪುರಾವೆಯನ್ನೂ ಕೇಳಲ್ಲ. ಲ್ಯಾಪ್‌ಟಾಪ್ ಹಾಗಂದರೂ ಸ್ವಿಚ್ ವಾಯ್ಸ್ ವಿಎಲ್ಯಾನ್ ಸಂಖ್ಯೆ ಕೊಟ್ಟುಬಿಡುತ್ತೆ. ಹಾಗಾಗಿ "ಬೇರೆ ವಿಎಲ್ಯಾನ್‌ನಲ್ಲಿದೆ, ಸೇಫ್" ಅಂತ ಫೋನ್ ಸರ್ವರ್ ಮುಂದೆ ಫೈರ್‌ವಾಲ್ ಇಡದಿರೋದು ತಪ್ಪು. ಪೋರ್ಟಿಗೆ 802.1ಎಕ್ಸ್ ಹಾಕಿ, ಕರೆಗಳನ್ನು ಎನ್‌ಕ್ರಿಪ್ಟ್ ಮಾಡಬೇಕು.

ಲ್ಯಾಬಿನ ಮ್ಯಾನೇಜ್ಡ್ ಸ್ವಿಚ್‌ಗೆ ಲ್ಯಾಪ್‌ಟಾಪ್ ಹಚ್ಚಿ (ಕೇಳಿಕೊಂಡೇ ಹಚ್ಚಿ), ವೈರ್‌ಶಾರ್ಕ್‌ನಲ್ಲಿ ಎಲ್‌ಎಲ್‌ಡಿಪಿ ಫಿಲ್ಟರ್ ಹಾಕಿ ಅರ್ಧ ನಿಮಿಷ ಕಾಯಿರಿ. ಸ್ವಿಚ್‌ನಲ್ಲಿ ಎಲ್‌ಎಲ್‌ಡಿಪಿ ಆನ್ ಆಗಿದ್ದರೆ ಅದರ ಹೆಸರು, ಪೋರ್ಟ್ ಸಂಖ್ಯೆ ತಾನಾಗೇ ಬಂದು ನಿಲ್ಲುತ್ತೆ.