ಸಣ್ಣ ಶಾಲೆಯಲ್ಲಿ ಮಾಡಿ ಕಲಿಯುವ ಪಾಠಗಳು

ಪ್ರಾಥಮಿಕ ಶಾಲೆಯೆಂದರೆ ಅಕ್ಷರಮಾಲೆಯನ್ನೂ ಮಗ್ಗಿಯನ್ನೂ ಬಾಯಿಪಾಠ ಮಾಡಿಸುವ ಸ್ಥಳವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಬಾಯಿಪಾಠವೂ ಬೇಕು, ಆದರೆ ಅದೊಂದೇ ಸಾಲದು. ಮಗು ಕೈಯಿಂದ ಮುಟ್ಟಿ, ಎಣಿಸಿ, ಅಳೆದು, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿದಾಗ ಮಾತ್ರ ಕಲಿತ ವಿಷಯ ಅದರ ಸ್ವಂತ ಸೊತ್ತಾಗುತ್ತದೆ. ನಮ್ಮ ಪ್ರೌಢಶಾಲೆಗೆ ಬರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕಾಸರಗೋಡಿನ ಹಳ್ಳಿಗಳ ಸಣ್ಣ ಕನ್ನಡ ಎಲ್.ಪಿ. ಶಾಲೆಗಳಲ್ಲಿ ಓದಿದವರು. ಒಂದೇ ಕೋಣೆಯಲ್ಲಿ ಎರಡು ತರಗತಿ ಕುಳಿತಿರುವ ಅಂಥ ಶಾಲೆಯನ್ನು ಹೊರಗಿನಿಂದ ನೋಡಿದವರಿಗೆ ಕೊರತೆಗಳೇ ಮೊದಲು ಕಾಣುತ್ತವೆ. ಒಳಗೆ ಎಂಥ ಪಾಠ ನಡೆಯಬಲ್ಲುದು, ಅದರ ಪ್ರಯೋಜನವೇನು ಎಂಬುದನ್ನು ನಾಲ್ಕು ಚಟುವಟಿಕೆಗಳ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದು ಮಾತಿನ ಪಾಠ. ನಮ್ಮ ನಾಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದುಂಟು. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಇಲ್ಲಿಯ ಮನೆಗಳಲ್ಲಿ ಕೇಳಿಬರುತ್ತವೆ. ಆದುದರಿಂದ ಕನ್ನಡ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತ ಎಲ್ಲ ಮಕ್ಕಳ ಮನೆಮಾತೂ ಕನ್ನಡವಾಗಿರುವುದಿಲ್ಲ. 'ಹತ್ತು' ಎನ್ನಬೇಕಾದಲ್ಲಿ ಮಗು 'ಪತ್ತ್' ಎನ್ನುತ್ತದೆ. ಆಗ ಉಳಿದವರು ನಕ್ಕರೆ ಆ ಮಗು ಬಾಯಿ ಮುಚ್ಚಿ ಕುಳಿತುಬಿಡುತ್ತದೆ. ಮಾತಾಡದ ಮಗು ಕಲಿಯುವುದೂ ನಿಧಾನ.

ಇದಕ್ಕೆ ಪರಿಹಾರವಾಗಿ ಗೋಡೆಯ ಮೇಲೊಂದು ದೊಡ್ಡ ಕಾಗದ ಅಂಟಿಸಿ 'ನಮ್ಮ ಮನೆಯ ಮಾತು' ಎಂಬ ಪಟ್ಟಿಯನ್ನು ಮಾಡಬಹುದು. ವಾರಕ್ಕೆ ನಾಲ್ಕೈದು ವಸ್ತುಗಳ ಹೆಸರು ಸಾಕು. ಪ್ರತಿಯೊಂದು ಮಗುವೂ ತನ್ನ ಮನೆಯಲ್ಲಿ ಬಳಸುವ ಪದವನ್ನು ಹೇಳಬೇಕು. ದೊಡ್ಡ ತರಗತಿಯ ಮಕ್ಕಳು ಅದನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ಪಟ್ಟಿ ಬೆಳೆದಂತೆ ಒಂದು ಸ್ವಾರಸ್ಯ ಕಾಣತೊಡಗುತ್ತದೆ. ಕನ್ನಡದ 'ಹತ್ತು' ತುಳುವಿನಲ್ಲಿಯೂ ಮಲಯಾಳದಲ್ಲಿಯೂ 'ಪತ್ತ್'. ಕನ್ನಡದ 'ಹೂ' ತುಳುವಿನಲ್ಲಿ 'ಪೂ', ಮಲಯಾಳದಲ್ಲಿ 'ಪೂವ್'. 'ಹುಲಿ' ತುಳುವಿನಲ್ಲಿ 'ಪಿಲಿ'. ಮಲಯಾಳದಲ್ಲಿ 'ಪುಲಿ' ಎಂಬ ಪದವಿದೆ. ಆದರೆ ಈಗ ಅದನ್ನು ಹೆಚ್ಚಾಗಿ ಚಿರತೆಗೆ ಬಳಸುತ್ತಾರೆ. ಕೊಂಕಣಿಯ ಮಗು ಹತ್ತಕ್ಕೆ 'ಧಾ' ಎಂದರೆ ಮರಾಠಿಯ ಮಗು 'ದಹಾ' ಎನ್ನುತ್ತದೆ, ಉರ್ದುವಿನ ಮಗು 'ದಸ್' ಎನ್ನುತ್ತದೆ. ಇವು ಮೂರೂ ಸಂಸ್ಕೃತದ 'ದಶ' ಶಬ್ದದ ನಂಟರು.

ಪ್ರೌಢಶಾಲೆಯ ವಿದ್ಯಾರ್ಥಿಗಳೇ, ಈ ಪಟ್ಟಿ ನಿಮಗೂ ಉಪಯೋಗದ್ದು. ಹಳಗನ್ನಡದಲ್ಲಿ ಈ ಪದಗಳು 'ಪತ್ತು', 'ಪೂ', 'ಪುಲಿ' ಎಂದೇ ಇದ್ದವು. 10ನೆಯ ಶತಮಾನದ ಪಂಪನ ಕಾವ್ಯಭಾಷೆ ಅಂಥದು. ಮುಂದೆ ಕನ್ನಡದಲ್ಲಿ ಪದದ ಮೊದಲಿನ 'ಪ'ಕಾರ ಬಹುಮಟ್ಟಿಗೆ 'ಹ'ಕಾರವಾಯಿತು. ತುಳು, ಮಲಯಾಳಗಳಲ್ಲಿ ಹಾಗೆಯೇ ಉಳಿಯಿತು. ಹಾಗಾದರೆ 'ಪತ್ತ್' ಎಂದ ಮಗುವಿನ ಮಾತು ತಪ್ಪಲ್ಲ, ಕನ್ನಡದ ಹಳೆಯ ರೂಪಕ್ಕೆ ಹತ್ತಿರದ್ದು. ಇದನ್ನು ತಿಳಿದ ತರಗತಿಯಲ್ಲಿ ಯಾರೂ ನಗುವುದಿಲ್ಲ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಇಬ್ಬರೂ ಕನ್ನಡದ ಹಿರಿಯ ಕವಿಗಳಾದರು. ಮನೆಯ ಮಾತನ್ನು ಬಿಟ್ಟರೆ ಮಾತ್ರ ಶಾಲೆಯ ಮಾತು ಬರುತ್ತದೆ ಎಂಬುದು ಸರಿಯಲ್ಲವೆನ್ನಲು ಇವರೇ ಸಾಕ್ಷಿ.

ಎರಡನೆಯದು ಲೆಕ್ಕದ ಪಾಠ. ಇದಕ್ಕೆ ಬೇಕಾದ ಸಾಮಗ್ರಿ ಮಂಜೊಟ್ಟಿ ಕಾಯಿ ಅಥವಾ ಹುಣಸೆಬೀಜ, ಮತ್ತೆ ಕೆಲವು ತೆಂಗಿನ ಗೆರಟೆ. ಹತ್ತು ಕಾಯಿಗಳಾದ ಕೂಡಲೇ ಒಂದು ಗೆರಟೆಗೆ ತುಂಬಬೇಕು. ಹತ್ತು ಗೆರಟೆಗಳಾದರೆ ಒಂದು ಬುಟ್ಟಿಗೆ ಸುರಿಯಬೇಕು. ಬಿಡಿ, ಹತ್ತು, ನೂರು ಎಂಬ ಸ್ಥಾನಬೆಲೆ ಇಷ್ಟರಲ್ಲೇ ಕಣ್ಣಿಗೆ ಕಾಣುತ್ತದೆ. ಈಗ 42ರಿಂದ 17ನ್ನು ಕಳೆಯೋಣ. ಮುಂದೆ ನಾಲ್ಕು ಗೆರಟೆಗಳೂ ಎರಡು ಬಿಡಿ ಕಾಯಿಗಳೂ ಇವೆ. ಎರಡರಿಂದ ಏಳನ್ನು ತೆಗೆಯಲು ಬಾರದು. ಒಂದು ಗೆರಟೆಯನ್ನು ಸುರಿದರೆ ಮೂರು ಗೆರಟೆ, ಹನ್ನೆರಡು ಬಿಡಿ ಕಾಯಿಗಳಾಗುತ್ತವೆ. ಏಳು ಬಿಡಿಗಳನ್ನೂ ಒಂದು ಗೆರಟೆಯನ್ನೂ ತೆಗೆದರೆ ಉಳಿಯುವುದು ಎರಡು ಗೆರಟೆ, ಐದು ಬಿಡಿ, ಅಂದರೆ 25. 'ಪಕ್ಕದ ಮನೆಯಿಂದ ಸಾಲ ತೆಗೆಯುವುದು' ಎಂದು ನಾವು ಹೇಳಿಕೊಡುವ ಮಾತಿನ ಒಳಗುಟ್ಟು ಇದು. ಸಾಲವೂ ಇಲ್ಲ, ಮಾಯವೂ ಇಲ್ಲ. ಕಟ್ಟಿಟ್ಟ ಹತ್ತನ್ನು ಬಿಡಿಸಿದ್ದು ಅಷ್ಟೆ.

ಅದೇ ಮಂಜೊಟ್ಟಿ ಕಾಯಿ ಚೆನ್ನೆಮಣೆಗೂ ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಹಿರಿಯರು ಆಡುತ್ತಿದ್ದ ಈ ಆಟ ಒಳ್ಳೆಯ ಲೆಕ್ಕದ ಪುಸ್ತಕ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಗುಳಿಗೆ ನಾಲ್ಕರಂತೆ ಕಾಯಿ ಹಾಕಿದರೆ 56. ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವಾಗ, ಕೊನೆಯ ಕಾಯಿ ಎಲ್ಲಿ ಬೀಳುವುದೆಂದು ಆಡುವವರು ಮೊದಲೇ ಮನಸ್ಸಿನಲ್ಲಿ ಎಣಿಸಬೇಕು. ಆಟ ಎಷ್ಟು ಮುಂದುವರಿದರೂ ಕಾಯಿಗಳ ಮೊತ್ತ 56ರಿಂದ ಕದಲದು. ಒಬ್ಬಳ ಬಳಿ 31, ಇನ್ನೊಬ್ಬಳ ಬಳಿ 18 ಇದ್ದರೆ ಮಣೆಯಲ್ಲಿ ಎಷ್ಟಿರಬೇಕು? ಮಗು 7 ಎಂದು ಹೇಳಿ, ಎಣಿಸಿ ನೋಡಿ ತಾನೇ ತಾಳೆ ಹಾಕಬಹುದು. ಉತ್ತರ ಸರಿಯೋ ತಪ್ಪೋ ಎಂದು ಅಧ್ಯಾಪಕರ ಮುಖ ನೋಡಬೇಕಾಗಿಲ್ಲ.

ಮೂರನೆಯದು ಮಳೆಯ ಪಾಠ. ಶಾಲೆ ಜೂನ್ ತಿಂಗಳಲ್ಲಿ ತೆರೆಯುತ್ತದೆ. ಮಳೆಗಾಲವೂ ಸುಮಾರಾಗಿ ಆಗಲೇ ಹಿಡಿಯುತ್ತದೆ. ಬಾಯಿಯೂ ತಳವೂ ಒಂದೇ ಅಗಲವಾಗಿರುವ ಒಂದು ಡಬ್ಬವನ್ನು ಮರ-ಮಾಡುಗಳಿಂದ ದೂರ, ಬಯಲಿನಲ್ಲಿ ನೆಟ್ಟಗೆ ಇಡಬೇಕು. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳತೆಗೋಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ನೋಡಿ ಬರೆದು, ಡಬ್ಬವನ್ನು ಬರಿದು ಮಾಡಬೇಕು. ದೊಡ್ಡ ಡಬ್ಬವಿಟ್ಟರೆ ಹೆಚ್ಚು ಮಳೆ ತೋರಿಸದೇ ಎಂದು ಮಕ್ಕಳು ಕೇಳುವುದು ಸಹಜ. ಉತ್ತರವನ್ನು ಬಾಯಲ್ಲಿ ಹೇಳಬಾರದು. ಅಗಲವಾದದ್ದೊಂದು, ಸಪುರವಾದದ್ದೊಂದು, ಎರಡು ಡಬ್ಬಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಗಲದ ಡಬ್ಬಕ್ಕೆ ಬೀಳುವ ನೀರು ಹೆಚ್ಚು. ಆದರೆ ಅದು ಹರಡಿ ನಿಲ್ಲುವ ಜಾಗವೂ ಅಷ್ಟೇ ಹೆಚ್ಚು. ಆದುದರಿಂದ ಎತ್ತರ ಎರಡರಲ್ಲಿಯೂ ಒಂದೇ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಶಾಲೆಯ ಮಾಡು 20 ಮೀಟರ್ ಉದ್ದ, 6 ಮೀಟರ್ ಅಗಲದ ಜಾಗವನ್ನು ಮುಚ್ಚಿದೆಯೆಂದು ತಿಳಿಯೋಣ. ಹತ್ತು ಮಿಲಿಮೀಟರ್ ಮಳೆಗೆ ಆ ಮಾಡಿನಿಂದ ಇಳಿಯುವ ನೀರು 1,200 ಲೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಹಾಗಿದ್ದೂ ಎಪ್ರಿಲ್-ಮೇ ತಿಂಗಳಲ್ಲಿ ಬಾವಿಗಳು ಬತ್ತುವುದೇಕೆ? ಈ ಪ್ರಶ್ನೆಯೇ ಮಕ್ಕಳನ್ನು ಮುಂದಿನ ಪಾಠಕ್ಕೆ ಕೊಂಡೊಯ್ಯುತ್ತದೆ. ತೂತು ತೂತಾದ ಮುರಕಲ್ಲು ನೀರನ್ನು ಹೀರುತ್ತದೆ. ಇಳಿಜಾರಿನಲ್ಲಿ ಅದು ಬೇಗನೆ ಜಾರಿಯೂ ಹೋಗುತ್ತದೆ. ಗುಡ್ಡದೊಳಗಿನ ಆ ನೀರನ್ನು ಹಿಡಿಯಲು ನಮ್ಮ ಹಿರಿಯರು ಸುರಂಗ ಕೊರೆದರು. ಮುರಕಲ್ಲಿನ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ಆ ಗುಹೆಯಿಂದ ನೀರು ತಾನಾಗಿಯೇ ಹರಿದು ಬರುತ್ತದೆ. ಸೇದುವ ಹಗ್ಗವೂ ಬೇಡ, ಪಂಪೂ ಬೇಡ. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಕಡೆಗಳಲ್ಲಿ ಇಂಥವು ಇವೆ. ಮಕ್ಕಳು ಒಳಗೆ ಹೋಗದೆ, ಹಿರಿಯರೊಡನೆ ಹೊರಗೆ ನಿಂತು ಒಂದು ಕೊಡ ತುಂಬಲು ಎಷ್ಟು ನಿಮಿಷ ಬೇಕೆಂದು ತಿಂಗಳಿಗೊಮ್ಮೆ ಬರೆದರೆ, ಮಳೆಗೂ ಅಂತರ್ಜಲಕ್ಕೂ ಇರುವ ಸಂಬಂಧ ಅವರದೇ ಪುಸ್ತಕದಲ್ಲಿ ಮೂಡುತ್ತದೆ.

ನಾಲ್ಕನೆಯದು ಬಿಸಿಲಿನ ಪಾಠ. ಸಮತಟ್ಟಾದ ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ಊರಿ, ಹನ್ನೆರಡರಿಂದ ಒಂದು ಗಂಟೆಯವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಹೊತ್ತೇ ನಿಜವಾದ ನಡುಹಗಲು. ಆ ನೆರಳಿನ ಗೆರೆಯೇ ಉತ್ತರ-ದಕ್ಷಿಣ. ಗಡಿಯಾರದಲ್ಲಿ ಆಗ ಹನ್ನೆರಡಲ್ಲ, ಹನ್ನೆರಡೂವರೆಯ ಆಸುಪಾಸು. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದಾರೆ. ನಾವಿರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ 30 ನಿಮಿಷ. ವರ್ಷದ ಕಾಲಕ್ಕೆ ತಕ್ಕಂತೆ ಇದು ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ.

ಡಿಸೆಂಬರ್ 22ರ ಸುಮಾರಿಗೆ ಈ ಕೋಲಿನ ನಡುಹಗಲ ನೆರಳು ಉತ್ತರಕ್ಕೆ ಸುಮಾರು 73 ಸೆಂಟಿಮೀಟರ್ ಚಾಚಿರುತ್ತದೆ. ಮಾರ್ಚ್ 21ಕ್ಕೆ ಅದು ಸುಮಾರು 22 ಸೆಂಟಿಮೀಟರಿಗೆ ಇಳಿಯುತ್ತದೆ. ಎಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುವುದರಿಂದ ನೆರಳು ಇಲ್ಲವಾಗುತ್ತದೆ. ಆಗ ಶಾಲೆಗೆ ರಜೆ. ಆದುದರಿಂದ ಈ ಕೊನೆಯ ಅಳತೆಯನ್ನು ಮನೆಯ ಅಂಗಳದಲ್ಲಿ ಮಾಡಬೇಕು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು. ನೆರಳನ್ನು ನೋಡಿದರೆ ಸಾಕು.

ಇಂಥ ಪಾಠಗಳಿಗೆ ಸಣ್ಣ ಶಾಲೆಯಲ್ಲಿ ಒಂದು ಅನುಕೂಲವಿದೆ. ನಾಲ್ಕನೆಯ ತರಗತಿಯ ಮಗು ಅಳೆದರೆ ಎರಡನೆಯದರ ಮಗು ಎಣಿಸುತ್ತದೆ. ಒಂದನೆಯದರ ಮಗು ನೋಡಿ ಹೇಳುತ್ತದೆ. ಕಿರಿಯರಿಗೆ ವಿವರಿಸುವಾಗ ಹಿರಿಯರ ತಿಳಿವೂ ಗಟ್ಟಿಯಾಗುತ್ತದೆ. ಯಾವ ಮಗು ಎಲ್ಲಿ ತಡವರಿಸಿತೆಂಬುದು ಅಧ್ಯಾಪಕರ ಗಮನಕ್ಕೆ ಬಾರದೆ ಹೋಗದು. ಆದರೆ ಮಕ್ಕಳ ಸಂಖ್ಯೆ ತೀರಾ ಇಳಿದರೆ ಚೆನ್ನೆಮಣೆಗೆ ಜೊತೆಯಿಲ್ಲ, ಮಾತಿನ ಪಟ್ಟಿಗೆ ಮಾತಿಲ್ಲ. ಅನಾದಾಯಕ ಎಂಬ ಹೆಸರೂ ಶಾಲೆಗೆ ಅಂಟುತ್ತದೆ.

ಕನ್ನಡದಲ್ಲಿ ಓದಿದ ಮಗು ಮುಂದೆ ಹಿಂದೆ ಬಿದ್ದೀತೇ ಎಂಬ ರಕ್ಷಕರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ನಮ್ಮ ಉತ್ತರ ಇಷ್ಟು: ಗೆರಟೆಯಲ್ಲಿ ಹತ್ತನ್ನು ಕಟ್ಟಿ ಬಿಡಿಸಲು ಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಆ ಲೆಕ್ಕದ ಹೆಸರನ್ನಷ್ಟೇ ಹೊಸದಾಗಿ ಕಲಿಯಲಿಕ್ಕಿದೆ. ತಿಳಿಯದ ಭಾಷೆಯಲ್ಲಿ ಹೆಸರನ್ನು ಮಾತ್ರ ಕಲಿತ ಮಗು ಲೆಕ್ಕವನ್ನೂ ಕಲಿಯಬೇಕು, ಭಾಷೆಯನ್ನೂ ಕಲಿಯಬೇಕು. ಕಾಸರಗೋಡು 1956 ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350 ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯಲು ತಕ್ಕ ಸೌಕರ್ಯ ಒದಗಿಸಬೇಕೆನ್ನುತ್ತದೆ. ಸೌಕರ್ಯವನ್ನು ಕೇಳುವ ಹಕ್ಕು ನಮ್ಮದು. ಅದನ್ನು ಬಳಸಿ ಉಳಿಸಿಕೊಳ್ಳುವ ಕೆಲಸವೂ ನಮ್ಮದೇ.

ರಕ್ಷಕರಿಂದ ನಾವು ಬಯಸುವುದು ದೊಡ್ಡದೇನಲ್ಲ. ಮಗು ಶಾಲೆಯಿಂದ ಬಂದಾಗ ಎಷ್ಟು ಅಂಕ ಎಂದು ಕೇಳುವ ಮೊದಲು ಇಂದು ಏನನ್ನು ಅಳೆದೆ, ಏನು ಕಂಡೆ ಎಂದು ಕೇಳಿರಿ. ಅಟ್ಟದ ಮೇಲಿರುವ ಚೆನ್ನೆಮಣೆಯನ್ನು ಕೆಳಗಿಳಿಸಿರಿ. ಅಜ್ಜ-ಅಜ್ಜಿಯರ ಹಳೆಯ ಪದಗಳನ್ನು ಮಗುವಿನ ಪುಸ್ತಕದಲ್ಲಿ ಬರೆಯಿಸಿರಿ. ಪ್ರೌಢಶಾಲೆಯ ವಿದ್ಯಾರ್ಥಿಗಳೇ, ನೀವು ಓದಿದ ಸಣ್ಣ ಶಾಲೆಗೆ ಈ ಜೂನ್ ತಿಂಗಳಲ್ಲಿ ಹೋಗಿ, ಅಲ್ಲಿಯ ಮಕ್ಕಳಿಗೆ ಒಂದು ಮಳೆಮಾಪಕವನ್ನು ಇಟ್ಟುಕೊಡಿರಿ. ವರ್ಷದ ಕೊನೆಗೆ ಆ ಮಕ್ಕಳು ಬರೆದ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವುದು ನಮಗೆ ಸಂತೋಷದ ಕೆಲಸ.