ಹಾಡುವ ಯಂತ್ರಕ್ಕೆ ಎಂಥ ಪೀಠ ಬೇಕು?

ಹಾಡುವ ಯಂತ್ರಗಳನ್ನು ಮನೆಯಲ್ಲಿಟ್ಟುಕೊಂಡ ಗೃಹಸ್ಥರಿಗೆ ಈಚೆಗೆ ಹೊಸದೊಂದು ಉಪದೇಶವು ಕೇಳಿಬರುತ್ತಲಿದೆ. ಯಂತ್ರವು ಎಷ್ಟೇ ಒಳ್ಳೆಯದಿರಲಿ, ಅದನ್ನು ಸಾದಾ ಮೇಜಿನ ಮೇಲಿಟ್ಟರೆ ನೆಲದ ಅದುರು ಅದರೊಳಗೆ ಹೊಕ್ಕು ಸ್ವರವು ಕೆಡುವದೆಂದೂ, ಅದುರನ್ನು ತಡೆಯುವ ವಿಶೇಷ ಪೀಠವನ್ನು ಕೊಂಡು ಅದರ ಮೇಲಿಟ್ಟರೆ ಹಾಡು ನಿಚ್ಚಳವಾಗುವದೆಂದೂ ಮಾರುವವರು ಹೇಳುತ್ತಾರೆ. ಉಕ್ಕಿನ ಚೌಕಟ್ಟು, ಗಾಜಿನ ಹಲಗೆ, ರಬ್ಬರಿನ ಪಾದ, ಸ್ಪ್ರಿಂಗು, ಮೊನೆಗಾಲು ಇವುಗಳಿಂದ ಕೂಡಿದ ಈ ಪೀಠಗಳ ಬೆಲೆಯು ಕೆಲವು ಸಲ ಯಂತ್ರದ ಬೆಲೆಯನ್ನೇ ಮೀರುವದು. ಮಾತು ಪೂರ್ತಿ ಸುಳ್ಳಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸಬಹುದಾಗಿತ್ತು. ತೊಡಕೇನಂದರೆ, ಅದು ಒಂದು ಯಂತ್ರದ ಮಟ್ಟಿಗೆ ನಿಜ, ಉಳಿದವುಗಳ ಮಟ್ಟಿಗೆ ಬಹುತೇಕ ಪೊಳ್ಳು. ಯಾವುದಕ್ಕೆ ನಿಜವೆಂಬುದನ್ನು ತಿಳಿಯದೆ ಹಣ ಚೆಲ್ಲುವವರೂ ಉಂಟು. ಎಲ್ಲವೂ ಪೊಳ್ಳೆಂದು ತಳ್ಳಿ ಹಿರಿಯರ ರೆಕಾರ್ಡುಗಳನ್ನು ಹಾಳುಮಾಡಿಕೊಳ್ಳುವವರೂ ಉಂಟು.

ಈ ವಿಷಯವನ್ನು ನಮ್ಮ ಸೀಮೆಯ ಮನೆಗಳನ್ನು ಮುಂದಿಟ್ಟುಕೊಂಡೇ ವಿಚಾರಿಸುವದು ಒಳ್ಳೆಯದು. ಬೆಳಗಾವಿ-ಧಾರವಾಡಗಳ ನಾಡಿಗೂ ರೆಕಾರ್ಡಿಗೂ ನಂಟು ಹಳೆಯದು. ಗಂಗೂಬಾಯಿ ಹಾನಗಲ್ಲರ ಮೊದಮೊದಲಿನ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಿಂದ 1930ರ ದಶಕದಲ್ಲಿ ಹೊರಬಿದ್ದವು. ಮಲ್ಲಿಕಾರ್ಜುನ ಮನ್ಸೂರರ ಕಂಠವೂ ಅದೇ ದಶಕದಲ್ಲಿ ತಟ್ಟೆಗೆ ಇಳಿಯಿತು. ಗದಗಿನಲ್ಲಿ ಬೆಳೆಯುತ್ತಿದ್ದ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ರೆಕಾರ್ಡಿನಲ್ಲಿ ಕೇಳಿ, ಹಾಗೆ ಹಾಡಲು ಕಲಿಯಬೇಕೆಂಬ ಹಂಬಲದಿಂದ 1933ರಲ್ಲಿ ಮನೆಬಿಟ್ಟು ಹೊರಟದ್ದು ಎಲ್ಲರೂ ಬಲ್ಲ ಸಂಗತಿ. ಇಂಥ ತಟ್ಟೆಗಳು ಕಪಾಟಿನಲ್ಲಿ ಉಳಿದ ಮನೆಗಳು ಈಗಲೂ ಇವೆ. ಒಮ್ಮೆ ಗೀಚಿಕೊಂಡ ತಟ್ಟೆಯು ಮತ್ತೆ ಮೊದಲಿನಂತಾಗುವದಿಲ್ಲ. ಅದುರಿನ ದೆಸೆಯಿಂದ ಹಾರಿದ ಸೂಜಿಯು ಗೀಚುವದು ಅದನ್ನೇ. ಆದುದರಿಂದ ಪೀಠದ ಪ್ರಶ್ನೆಯು ಬರೀ ಶೋಕಿಯದಲ್ಲ.

ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮೋಫೋನಿಗೆ ಈ ಗೊಡವೆಯು ಹೆಚ್ಚಾಗಿ ಇರಲಿಲ್ಲ. ಅದರ ಸೂಜಿಯು ನೂರು ಗ್ರಾಮಿಗೂ ಮಿಕ್ಕ ಭಾರದಿಂದ ತಟ್ಟೆಯನ್ನು ಒತ್ತುತ್ತಿತ್ತು; ಓಣಿಯಲ್ಲಿ ಚಕ್ಕಡಿ ಹಾಯ್ದರೆ ಅದು ಲಕ್ಷ್ಯ ಕೊಡುತ್ತಿರಲಿಲ್ಲ. ಇಂದಿನ ವಿದ್ಯುತ್ತಿನ ತಿರುಗುಮಣೆಯ, ಎಂದರೆ ಟರ್ನ್‌ಟೇಬಲಿನ ಸೂಜಿಯಾದರೋ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಗ್ರಾಮಿನ ಭಾರದಿಂದಷ್ಟೇ ಕೂಡ್ರುವದು. (78ರ ಹಳೆಯ ತಟ್ಟೆಗಳನ್ನು ಇದರ ಮೇಲೆ ಬಾರಿಸುವವರು ಅಗಲ ಮೊನೆಯ ಬೇರೆ ಸೂಜಿಯನ್ನು ಹಾಕಿಕೊಳ್ಳತಕ್ಕದ್ದು.) 1948ರಲ್ಲಿ ಬಳಕೆಗೆ ಬಂದ ದೀರ್ಘಕಾಲದ ತಟ್ಟೆಯಲ್ಲಿ ಗಟ್ಟಿಯಾದ ಒಂದು ಮಧ್ಯಮ ಸ್ವರಕ್ಕೆ ಸೂಜಿಯು ಅತ್ತಿತ್ತ ಸರಿಯುವ ದೂರವು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟೂ ಆಗದು. ಗವಾಯಿಯ ಉಸಿರು, ತಂಬೂರಿಯ ಜವಾರಿಯ ಕೊನೆಯೆಳೆ ಇವು ಅದರಲ್ಲಿಯೂ ನೂರರಲ್ಲೊಂದು, ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣ ಚಲನೆಯನ್ನು ಓದುವ ಸೂಜಿಗೆ ಮೇಜಿನ ಅದುರಾವುದು, ಹಾಡಿನ ಅದುರಾವುದು ಎಂಬ ವಿವೇಕವಿಲ್ಲ. ಎರಡನ್ನೂ ಅದು ಹಾಡೆಂದೇ ತಿಳಿಯುವದು.

ಮೇಲಾಗಿ, ತಟ್ಟೆ ಕೆತ್ತುವಾಗ ಮಂದ್ರ ಸ್ವರಗಳನ್ನು ಕುಗ್ಗಿಸಿ ಕೆತ್ತುವ ಪದ್ಧತಿಯಿದೆ. ಇಲ್ಲವಾದರೆ ಒಂದು ಗೆರೆಯು ಪಕ್ಕದ ಗೆರೆಯೊಳಗೆ ಹೊಕ್ಕೀತು. ಬಾರಿಸುವಾಗ ಅವನ್ನು ಮತ್ತೆ ಹಿಗ್ಗಿಸಬೇಕಾಗುವದು. ಸೆಕೆಂಡಿಗೆ 50 ಸಲ ಅದುರುವ ಸ್ವರವನ್ನು, 1000 ಸಲ ಅದುರುವ ಸ್ವರಕ್ಕಿಂತ ಸುಮಾರು ಏಳು ಪಟ್ಟು ಹಿಗ್ಗಿಸುವರು. ನೆಲದಿಂದ ಬರುವ ಅದುರುಗಳೂ ಹೆಚ್ಚಾಗಿ ಮಂದ್ರವೇ ಆದುದರಿಂದ ಅವೂ ಹಾಡಿನೊಡನೆ ಹಿಗ್ಗಿ ಹೊರಬೀಳುವವು. ಸ್ಪೀಕರು ಅದೇ ಮೇಜಿನ ಮೇಲಿದ್ದರಂತೂ ಕೇಳುವದೇ ಬೇಡ. ಅದರ ಅದುರು ಮೇಜಿನಿಂದ ಸೂಜಿಗೆ, ಸೂಜಿಯಿಂದ ಮತ್ತೆ ಸ್ಪೀಕರಿಗೆ ಸುತ್ತುತ್ತ ಬೆಳೆದು, ದನಿ ಏರಿಸಿದೊಡನೆ ಗೂಳಿಯಂತೆ ಹೂಂಕರಿಸತೊಡಗುವದು.

ಇನ್ನು ನಮ್ಮ ಮನೆಗಳ ನೆಲ. ದೇಸಾಯರ ವಾಡೆಯಿಂದ ಹೆಸರಾದ ಸವದತ್ತಿ ಸೀಮೆಯ ಚಚಡಿಯಂಥ ಊರನ್ನು ತೆಗೆದುಕೊಳ್ಳಿರಿ. ಈ ನಾಡು ಬಹುಮಟ್ಟಿಗೆ ಎರೆಯ ನಾಡು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು, ಬೇಸಿಗೆಯಲ್ಲಿ ಬಿರಿಯುವದು. ಹಳೆಯ ಪದ್ಧತಿಯ ಮನೆಯ ಪಡಸಾಲೆಯಲ್ಲಿ ಮಣ್ಣಿನ ನೆಲವೋ ಹಾಸುಗಲ್ಲೋ ಇರುವದು. ಅದರ ಮೇಲೆ ಮಕ್ಕಳು ಕುಣಿದರೂ ಅಷ್ಟಾಗಿ ಅದುರದು. ಆದರೆ ಅಟ್ಟದ ಮಾತೇ ಬೇರೆ. ತೊಲೆ-ಜಂತಿಗಳ ಮೇಲೆ ಹಲಗೆ ಹಾಸಿದ ಅಟ್ಟವು, ಮನೆಯವರು ನಡೆದಾಡಿದರೆ ಸಾಕು, ತಮಟೆಯ ಚರ್ಮದಂತೆ ಏರಿಳಿಯುವದು. ಹಿಟ್ಟಿನ ಗಿರಣಿಯ ಮಗ್ಗುಲಿನ ಮನೆಗೂ, ಕಬ್ಬು ಹೇರಿದ ಟ್ರಾಕ್ಟರುಗಳು ಹಾಯುವ ದಾರಿಯ ಬದಿಯ ಮನೆಗೂ ತಮ್ಮದೇ ಆದ ಅದುರುಂಟು. ಒಬ್ಬರ ಮನೆಯಲ್ಲಿ ಉಪಕಾರವಾದ ಪೀಠವು ಇನ್ನೊಬ್ಬರ ಮನೆಯಲ್ಲಿ ಏನೂ ಮಾಡದೆ ಕೂಡ್ರುವದಕ್ಕೆ ಇದೇ ಕಾರಣ.

ಪೀಠವು ಅದುರನ್ನು ತಡೆಯುವ ಬಗೆಯನ್ನು ಸ್ಪ್ರಿಂಗಿಲ್ಲದ ಚಕ್ಕಡಿಗೂ ಸ್ಪ್ರಿಂಗುಳ್ಳ ಟಾಂಗಾಕ್ಕೂ ಇರುವ ಭೇದದಿಂದ ತಿಳಿಯಬಹುದು. ಟಾಂಗಾದಲ್ಲಿ ಕುಳಿತವನಿಗೆ ಸಣ್ಣ ಕಲ್ಲುಗಳ ಕುಕ್ಕು ತಟ್ಟುವದಿಲ್ಲ, ದೊಡ್ಡ ತಗ್ಗಿನ ಓಲಾಟ ಮಾತ್ರ ತಪ್ಪುವದಿಲ್ಲ. ಪ್ರತಿಯೊಂದು ಸ್ಪ್ರಿಂಗಿಗೂ ಪಂಚಮಿಯ ಜೋಕಾಲಿಯಂತೆ ತನ್ನದೇ ಆದ ಒಂದು ಲಯವುಂಟು. ಆ ಲಯಕ್ಕಿಂತ ಬಹಳ ತೀವ್ರವಾದ ಅದುರನ್ನು ಅದು ನುಂಗುವದು. ನಿಧಾನವಾದುದನ್ನು ಹಾಗೆಯೇ ಮೇಲಕ್ಕೆ ಬಿಡುವದು. ಸರಿಯಾಗಿ ಅದೇ ಲಯದಲ್ಲಿ ಬಂದುದನ್ನು, ಜೋಕಾಲಿಯನ್ನು ತಾಳಕ್ಕೆ ಸರಿಯಾಗಿ ಜೀಕಿದಂತೆ, ಇಮ್ಮಡಿ ಮುಮ್ಮಡಿ ಮಾಡುವದು.

ಲೆಕ್ಕವು ಕಠಿಣವಲ್ಲ. ಯಂತ್ರವನ್ನಿಟ್ಟಾಗ ಸ್ಪ್ರಿಂಗು ಒಂದು ಸೆಂಟಿಮೀಟರು ಕುಸಿದರೆ ಅದರ ಲಯವು ಸೆಕೆಂಡಿಗೆ ಸುಮಾರು 5. ಕಾಲು ಸೆಂಟಿಮೀಟರು ಕುಸಿದರೆ 10, ಒಂದೇ ಮಿಲಿಮೀಟರು ಕುಸಿದರೆ 16. ಲಯದ 1.4 ಪಟ್ಟು ದಾಟಿದ ಮೇಲೆಯೇ ತಡೆಯು ಆರಂಭವಾಗುವದು. 5ರ ಲಯದ ಸ್ಪ್ರಿಂಗು 50ರ ಅದುರಿನಲ್ಲಿ ನೂರರಲ್ಲೊಂದು ಪಾಲನ್ನಷ್ಟೇ ಬಿಡುವದು. ಇದು ನಿಜವಾದ ಉಪಕಾರ. ಆದರೆ ಸೂಜಿಯನ್ನು ಹೊತ್ತ ತೋಳಿಗೂ ಒಂದು ಲಯವಿದೆ, ಅದು ಬಹುಮಟ್ಟಿಗೆ 8ರಿಂದ 12ರೊಳಗೆ ಇರುವದು. ಈಗ ಕಾಲು ಸೆಂಟಿಮೀಟರು ಕುಸಿಯುವ ಮೆತ್ತನೆಯ ಪಾದವನ್ನು ಅದರ ಕೆಳಗಿಟ್ಟರೆ ಎರಡು ಜೋಕಾಲಿಗಳೂ ಒಂದೇ ತಾಳಕ್ಕೆ ಕೂಡಿದಂತಾಯಿತು. ಹಣ ಕೊಟ್ಟು ರೋಗ ತಂದ ಹಾಗೆ. ರಬ್ಬರಿನಲ್ಲಿ ಈ ಲೆಕ್ಕವು ಇಷ್ಟು ಚೊಕ್ಕವಾಗಿ ಕೂಡುವದಿಲ್ಲ. ಕಣ್ಣಿಗೆ ಕುಸಿದು ಕಂಡದ್ದಕ್ಕಿಂತ ಅದು ಅದುರಿಗೆ ಬಿರುಸಾಗಿ ನಿಲ್ಲುವದು. ಮೊನೆಗಾಲುಗಳಾದರೋ ಯಂತ್ರವನ್ನು ನೆಲಕ್ಕೆ ಬಿಗಿಯುವವೇ ಹೊರತು ನೆಲದಿಂದ ಬಿಡಿಸುವವಲ್ಲ.

ನಡಿಗೆಯ ತಾಳವು ಸೆಕೆಂಡಿಗೆ ಎರಡರ ಸುಮಾರು. ಮನೆಯಲ್ಲಿಡುವಂಥ ಯಾವ ಸ್ಪ್ರಿಂಗಿಗೂ ಅದನ್ನು ತಡೆಯುವ ಶಕ್ತಿ ಸಾಲದು. ಅಟ್ಟದ ಮೇಲೆ ಹೆಜ್ಜೆಯಿಟ್ಟೊಡನೆ ಸೂಜಿ ಹಾರುವದಾದರೆ ಮಾಡತಕ್ಕದ್ದು ಒಂದೇ: ಯಂತ್ರವನ್ನು ಆ ನೆಲದಿಂದ ಎತ್ತಿ ಗೋಡೆಗೆ ಕೊಡುವದು. ಇಲ್ಲಿ ನಮ್ಮ ಹಿರಿಯರ ಮನೆಗಳು ಹೊಸ ಮನೆಗಳಿಗಿಂತ ಅನುಕೂಲ. ಎರಡು ಮೊಳ ದಪ್ಪದ ಕಲ್ಲುಗೋಡೆಯು ಹೆಜ್ಜೆಗೆ ಅಲುಗುವದಿಲ್ಲ. ಅದರಲ್ಲಿ ನಾಟಿದ ಒಂದು ಕಲ್ಲುಹಲಗೆಯಾಗಲಿ, ತಟ್ಟೆ ಹಿಡಿಸುವಷ್ಟು ಅಗಲವಾದ ಮಾಡವಾಗಲಿ ತಿರುಗುಮಣೆಗೆ ಉತ್ತಮ ಪೀಠ. ಸ್ಪೀಕರು ಅದಕ್ಕೆ ದೂರವಿರಬೇಕು, ಅಷ್ಟೆ. ಗೋಡೆಯು ಬರೀ ತೆಳು ಇಟ್ಟಿಗೆಯದಿದ್ದು ಅಡಿಗೆಮನೆಯ ಮಿಕ್ಸರು ಅದರಾಚೆಗೇ ತಿರುಗುತ್ತಿದ್ದರೆ ಈ ಮಾತು ಸಲ್ಲದು. ನೆಲದಂತಸ್ತಿನ ಹಾಸುಗಲ್ಲಿನ ಮೇಲೆ, ಅಲುಗದ ಭಾರವಾದ ಮೇಜಿನ ಮೇಲೆ ಒಂದು ಶಾಬಾದಿ ಕಲ್ಲನ್ನಿಟ್ಟು ಅದರ ಮೇಲೆ ಯಂತ್ರವನ್ನಿಟ್ಟರೂ ನಡೆಯುವದು. ಕೆಲವು ತಿರುಗುಮಣೆಗಳ ಹೊಟ್ಟೆಯಲ್ಲಿಯೇ ಸ್ಪ್ರಿಂಗುಗಳಿರುತ್ತವೆ. ಅಮೇರಿಕೆಯ ಎಡ್ಗರ್ ವಿಲ್ಚರ್ ಎಂಬವರು 1961ರಲ್ಲಿ ಹೊರತಂದ ಯಂತ್ರವು ಈ ಬಗೆಯಲ್ಲಿ ಬಹಳ ಹೆಸರು ಪಡೆಯಿತು. ಅಂಥದರ ಕೆಳಗೆ ಮತ್ತೆ ಮೆತ್ತನೆಯ ಪೀಠವನ್ನಿಡುವದು ಓಲಾಡುವದರ ಕೆಳಗೆ ಮತ್ತೊಂದು ಓಲಾಟವನ್ನಿಟ್ಟಂತೆ.

ಉಳಿದ ಯಂತ್ರಗಳ ವಿಷಯವನ್ನು ಬೇಗನೆ ಮುಗಿಸಬಹುದು. ಹಳೆಯ ವಾಲ್ವಿನ ರೇಡಿಯೋದಲ್ಲಿ ವಾಲ್ವನ್ನು ತಟ್ಟಿದರೆ ಸ್ಪೀಕರಿನಲ್ಲಿ ಟಣ್ಣೆನ್ನುವದುಂಟು. ಅದರೊಳಗಿನ ಸಣ್ಣ ಜಾಳಿಗೆಗಳು ಅಲುಗುವದೇ ಕಾರಣ. ಅದಕ್ಕೆ ಮೆತ್ತನೆಯ ಪಾದದಿಂದ ತುಸು ಪ್ರಯೋಜನವಾದೀತು. ವಾಲ್ವಿಲ್ಲದ ಇಂದಿನ ಆಂಪ್ಲಿಫಾಯರಿನಲ್ಲಿ ಅಲುಗಿ ಸ್ವರ ಕೆಡಿಸುವಂಥದು ಇಲ್ಲವೆನ್ನುವಷ್ಟು ಕಡಿಮೆ. 1982ರಲ್ಲಿ ಬಂದ ಸೀಡಿಯು ಸ್ವರವನ್ನು ಅಂಕಿಗಳಲ್ಲಿ ಬರೆದಿಡುವದು. ಓದುವಾಗ ತಪ್ಪಿದ ಅಂಕಿಗಳನ್ನು ತಿದ್ದಿಕೊಳ್ಳುವ ಏರ್ಪಾಡು ಅದರಲ್ಲಿಯೇ ಇದೆ. ಅದು ಗಡಿಬಿಡಿಸುವಷ್ಟು ಅದುರಿದರೆ ಹಾಡು ತಡವರಿಸೀತು, ಇಲ್ಲವಾದರೆ ಸರಿಯಾಗಿಯೇ ಬಂದೀತು. ನಡುವೆ ‘ಮಸುಕು’ ಎಂಬ ಸ್ಥಿತಿಯಿಲ್ಲ. ಮೊಬೈಲಿನಿಂದ ಹಾಡು ಕೇಳುವವರಿಗೆ ಪೀಠ ಮಾರುವವನ ಧೈರ್ಯವನ್ನು ಮೆಚ್ಚಬೇಕು! ಸ್ಪೀಕರಿನ ಕೆಳಗೆ ಮೆತ್ತೆಯಿಟ್ಟರೆ ಟೊಳ್ಳು ಮೇಜೂ ಹಲಗೆಯ ಅಟ್ಟವೂ ಅದರೊಡನೆ ದನಿಗೂಡಿಸುವದು ಕಡಿಮೆಯಾಗುವದು. ಹಾಸುಗಲ್ಲಿನ ಮೇಲೆ ಅದರಿಂದ ಹೆಚ್ಚಿನ ಲಾಭವಿಲ್ಲ.

ಕೊಳ್ಳುವ ಮೊದಲು ಮನೆಯಲ್ಲಿಯೇ ಪರೀಕ್ಷಿಸಬಹುದು. ಬೇಡವಾದ ಒಂದು ತಟ್ಟೆಯನ್ನು ತಿರುಗಿಸದೆ ಅದರ ಮೇಲೆ ಸೂಜಿಯನ್ನಿಳಿಸಿ, ದನಿಯನ್ನು ಮೆಲ್ಲಮೆಲ್ಲಗೆ ಏರಿಸಿ, ಮೇಜನ್ನು ಬೆರಳಿನಿಂದ ತಟ್ಟಿರಿ. ಮನೆಯವರನ್ನು ಅತ್ತಿತ್ತ ನಡೆದಾಡಹೇಳಿರಿ. ಸ್ಪೀಕರಿನಲ್ಲಿ ಕೇಳಿದ್ದೆಲ್ಲ ಹಾಡಿನೊಳಗೂ ಬೆರೆಯುವಂಥದೇ. ಏನೂ ಕೇಳದಿದ್ದರೆ ನಿಮ್ಮ ಮೇಜೇ ಸಾಕು. ಅಂಗಡಿಯವನು ಪೀಠವನ್ನು ನೋಡಲು ಕೊಟ್ಟರೆ, ಒಬ್ಬರು ಮರೆಯಲ್ಲಿ ಅದನ್ನು ಇಡುತ್ತ ತೆಗೆಯುತ್ತ ಇರಲಿ, ಕೇಳುವವರು ನೋಡದೆ ಹೇಳಲಿ. ದನಿಯ ಏರಿಕೆ ಮಾತ್ರ ಬದಲಾಗಬಾರದು. ಹತ್ತು ಸಲಕ್ಕೆ ಐದಾರು ಸರಿಬಂದರೆ ಅದು ಚಿತ್ತು-ಬೋರಲು ಆಡಿದಂತೆ. ಒಂಬತ್ತೋ ಹತ್ತೋ ಸರಿಬರುವದು ಬರೀ ಊಹೆಯಿಂದ ನೂರಕ್ಕೊಮ್ಮೆ ಆದೀತು. ಹಾಗೆ ಬಂದರೆ ಭೇದವಿದೆಯೆಂದು ನಂಬಬಹುದು.

ಪೀಠ ಯಾವುದೇ ಇರಲಿ, ಅದು ಸಮಮಟ್ಟವಾಗಿರಬೇಕು. ವಾಲಿದ ಮಣೆಯಲ್ಲಿ ಸೂಜಿಯು ಗೆರೆಯ ಒಂದೇ ಮಗ್ಗುಲನ್ನು ಹೆಚ್ಚಾಗಿ ಒತ್ತುವದು. ಗೌಂಡಿಯ ರಸಮಟ್ಟವನ್ನು ತಿರುಗುಮಣೆಯ ಮೇಲಿಟ್ಟು ಅಡ್ಡಕ್ಕೂ ಉದ್ದಕ್ಕೂ ನೋಡಿ, ಬೇಕಾದ ಕಡೆಗೆ ತೆಳ್ಳನೆಯ ಚಕ್ಕೆಯನ್ನು ಕೊಡಬೇಕು. ಎರೆಯ ನೆಲದ ಮೇಲಿನ ಮನೆಯಲ್ಲಿ ಈ ಮಟ್ಟವನ್ನು ಮಳೆಗಾಲ ಕಳೆದ ಮೇಲೊಮ್ಮೆ, ನೆಲ ಬಿರಿಯುವ ಬೇಸಿಗೆಯಲ್ಲಿ ಮತ್ತೊಮ್ಮೆ ನೋಡತಕ್ಕದ್ದು.